ಯಾಣದ ಬಂಡೆ, ಉಬ್ರಾಣಿಯ ಬಾಯಾರಿಕೆ

‘ಸೊಕ್ಕಿದ್ದವರು ಯಾಣಕ್ಕೆ, ರೊಕ್ಕಿದ್ದವರು ಗೋಕರ್ಣಕ್ಕೆ’ ಎಂಬ ಗಾದೆ ಉತ್ತರ ಕನ್ನಡದಲ್ಲಿ ಹಳೆಯದು. ದಟ್ಟಡವಿಯಲ್ಲಿ ಹತ್ತಾರು ಮೈಲಿ ನಡೆದು, ಜಿಗಣೆಗಳಿಗೆ ರಕ್ತ ಕೊಟ್ಟು, ಹಳ್ಳ ದಾಟಿ ಭೈರವೇಶ್ವರನ ದರ್ಶನ ಮಾಡಬೇಕಾದರೆ ಮೈಯಲ್ಲಿ ಕಸುವಿರಬೇಕಾಗಿತ್ತು. ಗೋಕರ್ಣದ ಪುರೋಹಿತರ ಮುಂದೆ ಕೂರಬೇಕಾದರೆ ಕೈಯಲ್ಲಿ ಕಾಸಿದ್ದರೆ ಸಾಕಾಗಿತ್ತು. ಈಗ ಆ ಗಾದೆಯ ಮೊದಲರ್ಧ ಸುಳ್ಳಾಗಿದೆ. ಬಂಡೆಗಳ ಬುಡಕ್ಕೆ ಅರ್ಧ ಕಿಲೋಮೀಟರಿನಷ್ಟು ಸಮೀಪದವರೆಗೆ ವಾಹನಗಳು ಬರುತ್ತವೆ. ರೊಕ್ಕಿದ್ದವರು ಒಂದೇ ದಿನದಲ್ಲಿ ಎರಡನ್ನೂ ಮುಗಿಸಿ ಸಂಜೆ ಸಮುದ್ರಸ್ನಾನಕ್ಕೆ ಹೊರಡುತ್ತಾರೆ.

ಕಳೆದ ಮಾಗಿಯಲ್ಲಿ ನಾವೂ ಹಾಗೆಯೇ ಹೋದೆವು. ಸೊಕ್ಕೂ ಇಲ್ಲದೆ, ರೊಕ್ಕವೂ ಇಲ್ಲದೆ, ಚಂದಾ ಎತ್ತಿ ಮಾಡಿಕೊಂಡ ಒಂದು ಬಸ್ಸಿನಲ್ಲಿ. ಉಬ್ರಾಣಿ ಹೋಬಳಿಯ ಕಾಲೇಜು ವಿದ್ಯಾರ್ಥಿಗಳು ಇಪ್ಪತ್ತು ಮಂದಿ, ಅಡಿಕೆ ಬೆಳೆಗಾರರು ಏಳೆಂಟು ಮಂದಿ, ಅವರ ನಡುವೆ ಮಣ್ಣಿನ ಮಾತಾಡುವ ನಾನು. ಪ್ರವಾಸಕಥನ ಬರೆಯುವುದು ಈ ಲೇಖನದ ಉದ್ದೇಶವಲ್ಲ. ಆ ಪ್ರವಾಸದಲ್ಲಿ ನಮ್ಮೂರಿನ ವಿದ್ಯಾರ್ಥಿನಿಯೊಬ್ಬಳು ಕೇಳಿದ ಒಂದು ಪ್ರಶ್ನೆಗೆ ನಾನು ಬಸ್ಸಿನಲ್ಲಿ ಸರಿಯಾಗಿ ಉತ್ತರಿಸಲಾಗಲಿಲ್ಲ. ಆ ಬಾಕಿಯನ್ನು ತೀರಿಸುವ ಸಲುವಾಗಿ ಇದನ್ನು ಬರೆಯುತ್ತಿದ್ದೇನೆ.

ಮೊದಲು ಬಂಡೆಯ ವಿಷಯ. ಕುಮಟಾ ತಾಲ್ಲೂಕಿನ ಯಾಣದಲ್ಲಿ ಕಾಡಿನ ನಡುವಿನಿಂದ ಎರಡು ಕಪ್ಪು ಶಿಖರಗಳು ನೆಟ್ಟಗೆ ಎದ್ದು ನಿಂತಿವೆ. ಭೈರವೇಶ್ವರ ಶಿಖರ ಸುಮಾರು 120 ಮೀಟರು ಎತ್ತರ; ಮೋಹಿನಿ ಶಿಖರ ಸುಮಾರು 90 ಮೀಟರು. ದೊಡ್ಡ ಬಂಡೆಯ ಒಡಲಿನಲ್ಲಿ ಗುಹೆ, ಗುಹೆಯಲ್ಲಿ ಲಿಂಗ, ಲಿಂಗದ ಮೇಲೆ ಬಂಡೆಯೊಳಗಿನಿಂದ ಜಿನುಗುವ ನೀರು. ಶಿವರಾತ್ರಿಗೆ ಇಲ್ಲಿ ದೊಡ್ಡ ಜಾತ್ರೆ. ಭಸ್ಮಾಸುರ ಮೋಹಿನಿಯ ಕುಣಿತಕ್ಕೆ ಮರುಳಾಗಿ ತನ್ನ ತಲೆಯ ಮೇಲೆ ತಾನೇ ಕೈಯಿಟ್ಟು ಉರಿದುಹೋದದ್ದು ಇಲ್ಲೇ ಎಂದೂ ಸುತ್ತಲಿನ ಕಪ್ಪು ಮಣ್ಣು ಅವನ ಬೂದಿಯೆಂದೂ ಸ್ಥಳಪುರಾಣ ಹೇಳುತ್ತದೆ. ತೊಂಬತ್ತರ ದಶಕದಲ್ಲಿ ಸುನಿಲ್ ಕುಮಾರ್ ದೇಸಾಯಿಯವರ ‘ನಮ್ಮೂರ ಮಂದಾರ ಹೂವೆ’ ಚಲನಚಿತ್ರ ಬಂದ ಮೇಲೆ ನಾಡಿನ ಉಳಿದ ಭಾಗದವರಿಗೂ ಯಾಣ ಪರಿಚಿತವಾಯಿತು. ಪುರಾಣ ಕರೆತಂದದ್ದಕ್ಕಿಂತ ಹೆಚ್ಚು ಜನರನ್ನು ಆ ಚಿತ್ರ ಕರೆತಂದಿದೆಯೆಂದು ನನ್ನ ಅನುಮಾನ.

ನಮ್ಮ ಜೊತೆಗಿದ್ದ ಹಿರಿಯ ಯಜಮಾನರೊಬ್ಬರು ಬಂಡೆಯನ್ನು ಅಂಗೈಯಿಂದ ಸವರಿ, ‘ಇದು ಕರಿಕಲ್ಲಲ್ಲವೇನ್ರಿ ಸಾರ್?’ ಎಂದು ಕೇಳಿದರು. ಅಲ್ಲ, ಇದು ಸುಣ್ಣದ ಕಲ್ಲು. ಅವರು ಒಪ್ಪಲಿಲ್ಲ. ಸುಣ್ಣ ಎಂದ ಮೇಲೆ ಬಿಳಿದಾಗಿರಬೇಕಲ್ಲವೆ! ಬಂಡೆಯ ಮೈಯನ್ನು ಹತ್ತಿರದಿಂದ ನೋಡಿದಾಗ ಅವರ ಅನುಮಾನ ಸ್ವಲ್ಪ ಸಡಿಲಿತು. ಕರಿಕಲ್ಲು ಮಳೆಗೆ ನುಣುಪಾಗಿ ಗುಂಡಾಗುತ್ತದೆ, ಇದು ಹಾಗಲ್ಲ. ಮೇಲಿನಿಂದ ಕೆಳಗಿನವರೆಗೂ ಉದ್ದುದ್ದ ಗೀರು, ಅಂಚಂಚಿನಲ್ಲಿ ಗರಗಸದ ಹಲ್ಲು, ನಡುನಡುವೆ ಮನುಷ್ಯ ಮೈಯೋರೆ ಮಾಡಿಕೊಂಡು ತೂರಬಹುದಾದ ಸೀಳು. ಕೊರೆದದ್ದು ಉಳಿಯಲ್ಲ, ನೀರು. ಗಾಳಿಯಲ್ಲಿರುವ ಇಂಗಾಲದ ಡೈಆಕ್ಸೈಡನ್ನು ಹೀರಿಕೊಂಡ ಮಳೆಹನಿ ತೀರ ಸೌಮ್ಯವಾದ ಆಮ್ಲವಾಗುತ್ತದೆ. ಸುಣ್ಣದ ಕಲ್ಲು ಆ ಆಮ್ಲದಲ್ಲಿ ಕರಗುತ್ತದೆ. ವರ್ಷಕ್ಕೆ 3000 ಮಿ.ಮೀ.ಗೂ ಮೀರಿ ಮಳೆ ಬೀಳುವ ಈ ಘಟ್ಟದ ಇಳಿಜಾರಿನಲ್ಲಿ ಲಕ್ಷಾಂತರ ವರ್ಷ ಅದೊಂದೇ ಕೆಲಸ ನಡೆದರೆ ಏನಾಗುತ್ತದೆಯೋ ಅದೇ ಯಾಣ.

ಆದರೆ ಮಳೆಯೊಂದೇ ಶಿಲ್ಪಿಯೆಂದರೆ ಅರ್ಧ ಸತ್ಯ. ಮಣ್ಣಿನ ವಿದ್ಯಾರ್ಥಿಯಾಗಿ ನಾನು ಉಳಿದರ್ಧವನ್ನೂ ಹೇಳಲೇಬೇಕು. ಕಾಡಿನ ಮಣ್ಣಿನೊಳಗೆ ಬೇರುಗಳೂ ಅಣಬೆಗಳೂ ಕಣ್ಣಿಗೆ ಕಾಣದ ಅಸಂಖ್ಯ ಜೀವಿಗಳೂ ಉಸಿರಾಡುತ್ತಲೇ ಇರುತ್ತವೆ. ಆದುದರಿಂದ ಮಣ್ಣಿನ ಸಂದುಗಳಲ್ಲಿರುವ ಗಾಳಿಯಲ್ಲಿ ಇಂಗಾಲದ ಡೈಆಕ್ಸೈಡು ಹೊರಗಿನ ಗಾಳಿಗಿಂತ ಹತ್ತಾರು ಪಟ್ಟು ಹೆಚ್ಚಿರುತ್ತದೆ. ತರಗೆಲೆಯ ಹಾಸಿನ ಮೂಲಕ ಇಂಗುವ ನೀರು ಬರಿಯ ಮಳೆನೀರಿಗಿಂತ ಹೆಚ್ಚು ಚುರುಕಾಗಿ ಕಲ್ಲನ್ನು ಕರಗಿಸುವುದು ಇದರಿಂದ. ಬಂಡೆಯ ಬುಡದ ಗುಹೆಗಳು, ಒಳಗಿನ ಸೀಳುಗಳು, ಲಿಂಗದ ಮೇಲೆ ಬೀಳುವ ಹನಿ, ಇವೆಲ್ಲದರ ಹಿಂದೆ ಕಾಡಿನ ಉಸಿರಿದೆ. ಬಂಡೆಯನ್ನು ಉಳಿಸಿ ಸುತ್ತಲಿನ ಕಾಡನ್ನು ಪಾರ್ಕಿಂಗ್ ಮಾಡಿದರೆ ಕಲ್ಲು ಅಲ್ಲೇ ನಿಂತಿರುತ್ತದೆ. ಅದರ ಜೀವ ನಿಂತುಹೋಗಿರುತ್ತದೆ. ಬೆಟ್ಟ ಕಂಡಲ್ಲೆಲ್ಲ ರೋಪ್‌ವೇ, ಗಾಜಿನ ಸೇತುವೆ ಎಂದು ಕನಸು ಕಾಣುವ ಕಾಲವಿದು, ಆದ್ದರಿಂದ ಈ ಮಾತನ್ನು ಒತ್ತಿ ಹೇಳುತ್ತಿದ್ದೇನೆ.

ಇಂಥ ಕಲ್ಲಿನ ಕಾಡುಗಳು ಜಗತ್ತಿನಲ್ಲಿ ಬೇರೆಡೆಯೂ ಇವೆ. ಮಡಗಾಸ್ಕರಿನ ತ್ಸಿಂಗಿ ಬಂಡೆಗಳನ್ನು ಯುನೆಸ್ಕೋ 1990ರಲ್ಲಿ ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿತು. ದಕ್ಷಿಣ ಚೀನಾದ ಶಿಲಾವನಗಳನ್ನು 2007ರಲ್ಲಿ. ನಮ್ಮದು ಅವುಗಳ ಮುಂದೆ ಗಾತ್ರದಲ್ಲಿ ಚಿಕ್ಕದು. ವಯಸ್ಸಿನಲ್ಲಿ ಮಾತ್ರ ಬಹು ಹಿರಿದು. ತ್ಸಿಂಗಿಯ ಸುಣ್ಣದ ಕಲ್ಲು ಡೈನೋಸಾರುಗಳ ಕಾಲದ್ದು. ನಮ್ಮ ಧಾರವಾಡ ಶಿಲಾಸಮೂಹದ ಸುಣ್ಣದ ಕಲ್ಲುಗಳು ರೂಪುಗೊಂಡದ್ದು ಸುಮಾರು 260 ಕೋಟಿ ವರ್ಷಗಳ ಹಿಂದೆ. ಆಗ ಮೀನಿಲ್ಲ, ಹುಳುವಿಲ್ಲ, ಹುಲ್ಲಿನ ಎಸಳೂ ಇಲ್ಲ.

ಇಲ್ಲಿ ನಮ್ಮ ವಿದ್ಯಾರ್ಥಿಗಳಿಗೆ ಒಂದು ಅಚ್ಚರಿ ಕಾದಿತ್ತು. ಶಿವಮೊಗ್ಗದ ಸುತ್ತಿನಿಂದ ಹೊರಟು ಉತ್ತರ ಕನ್ನಡವನ್ನು ಹಾಯ್ದು ಗೋವೆಯವರೆಗೆ ಹಬ್ಬಿರುವ ಒಂದು ಪ್ರಾಚೀನ ಶಿಲಾಪಟ್ಟಿ ಇದೆ. ಅದರ ಒಂದು ಪದರಕ್ಕೆ ಭೂವಿಜ್ಞಾನಿಗಳು ಇಟ್ಟ ಹೆಸರು ‘ಜೋಳದಾಳ್ ಶಿಲಾಸ್ತರ’. ಹೌದು, ನಮ್ಮ ಚನ್ನಗಿರಿ ತಾಲ್ಲೂಕಿನ ಜೋಳದಾಳ್! ನಾವು ದನ ಮೇಯಿಸುವ, ಅಮ್ಮನ ಗುಡ್ಡಕ್ಕೆ ಹೋಗುವ ದಾರಿಯಲ್ಲಿ ಕಾಲಿಗೆ ತಾಗುವ ಕಲ್ಲು ಯಾಣದ ದೂರದ ದಾಯಾದಿ. ಭದ್ರಾವತಿಯ ಕಬ್ಬಿಣದ ಕಾರ್ಖಾನೆಗೆ ಕೆಮ್ಮಣ್ಣುಗುಂಡಿಯಿಂದ ಅದಿರು ಬರುತ್ತಿದ್ದುದು ಎಲ್ಲರಿಗೂ ಗೊತ್ತು. ಆ ಅದಿರಿನ ಕಲ್ಮಶವನ್ನು ಕುಲುಮೆಯಲ್ಲಿ ಎಳೆದುಕೊಳ್ಳುವ ಸುಣ್ಣದ ಕಲ್ಲು ಸಮೀಪದ ಭಂಡಿಗುಡ್ಡದಿಂದ ಬರುತ್ತಿತ್ತು. 1923ರಲ್ಲಿ ಕಾರ್ಖಾನೆ ಕಬ್ಬಿಣ ಕರಗಿಸತೊಡಗಿದಾಗ ಕುಲುಮೆಗೆ ಹಾಕಿದ್ದು ನಮ್ಮ ಕಾಡಿನ ಇದ್ದಿಲನ್ನು. ಒಂದೇ ಕುಲದ ಎರಡು ಬಂಡೆಗಳಲ್ಲಿ ಒಂದು ಲಿಂಗಕ್ಕೆ ಗುಡಿಯಾಯಿತು, ಇನ್ನೊಂದು ಕುಲುಮೆಯ ಪಾಲಾಯಿತು. ಯಾಣ ಉಳಿದದ್ದು ಅದರ ಸೌಂದರ್ಯದಿಂದಲ್ಲ. ಅಲ್ಲಿ ದೇವರಿದ್ದ, ಅಲ್ಲಿಗೆ ರೈಲಿರಲಿಲ್ಲ.

ಕುಂಸಿಯ ಸುತ್ತಲಿನ ಮತ್ತು ಚಿತ್ರದುರ್ಗ ಸೀಮೆಯ ಸುಣ್ಣದ ಕಲ್ಲುಗಳಲ್ಲಿ ಪದರ ಪದರವಾಗಿ ಗುಮ್ಮಟದಂತೆ ಬೆಳೆದ ಗುರುತುಗಳನ್ನು ವಿಜ್ಞಾನಿಗಳು ಕಂಡಿದ್ದಾರೆ. ಅವು ಆ ಪ್ರಾಚೀನ ಕಡಲಿನ ಸೂಕ್ಷ್ಮಜೀವಿಗಳು ಕಟ್ಟಿದ ಚಾಪೆಗಳು. ಭತ್ತದ ಗದ್ದೆಗೆ ಸಾರಜನಕ ತುಂಬಲೆಂದು ನಾವು ಹಂಚುವ ನೀಲಿಹಸಿರು ಪಾಚಿಯ ಪೂರ್ವಜರು ಅಂಥ ಚಾಪೆಗಳಲ್ಲೇ ಬಾಳಿದ್ದವರು, ಭೂಮಿಯ ಗಾಳಿಗೆ ಮೊದಲು ಆಮ್ಲಜನಕವನ್ನು ಬೆರೆಸಿದವರು. ಇದನ್ನು ಹೇಳಿದಾಗ ಅಡಿಕೆ ತೋಟದ ಯಜಮಾನರು ಮತ್ತೊಮ್ಮೆ ಬಂಡೆಯನ್ನು ಮುಟ್ಟಿ ನೋಡಿದರು. ಈ ಸಲ ಕೈ ಮುಗಿದರು.

ಸುಣ್ಣವೆಂದರೆ ಅಡಿಕೆ ಬೆಳೆಗಾರನಿಗೆ ಪರಕೀಯ ವಸ್ತುವಲ್ಲ. ಎಲೆ–ಅಡಿಕೆಯೊಂದಿಗಿನ ನಂಟು ಹಾಗಿರಲಿ. ಕೊಳೆರೋಗಕ್ಕೆ ಹೊಡೆಯುವ ಬೋರ್ಡೋ ದ್ರಾವಣಕ್ಕೆ ನೂರು ಲೀಟರು ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ. ಮಳೆಗೆ ಸುಣ್ಣಾಂಶವೆಲ್ಲ ತೊಳೆದುಹೋಗಿ ಹುಳಿಯಾದ ಮಲೆನಾಡಿನ ಮಣ್ಣಿಗೆ ಎರಡು–ಮೂರು ವರ್ಷಕ್ಕೊಮ್ಮೆ ಸುಣ್ಣ. ಹೀಗೆ ತೊಳೆದುಹೋದ ಸುಣ್ಣ ಎಲ್ಲಿಗೆ ಹೋಗುತ್ತದೆ? ಯಾಣದಲ್ಲಿ ಅದರ ದಾರಿಯನ್ನು ಕಣ್ಣಾರೆ ಕಾಣಬಹುದು. ಬಂಡೆಯ ಬಳಿಯ ಚಂಡಿಹೊಳೆ ಕಾಡಿನೊಳಗೆ ಇಳಿದು ಅಘನಾಶಿನಿಯನ್ನು ಸೇರುತ್ತದೆ. ಅಘನಾಶಿನಿ ತದಡಿಯ ಬಳಿ ಕಡಲನ್ನು ಸೇರುತ್ತದೆ. ಅಲ್ಲಿನ ಅಳಿವೆಯ ಕೆಸರಿನಲ್ಲಿ ಬಳಚುಗಳು ಚಿಪ್ಪು ಕಟ್ಟಿಕೊಳ್ಳುತ್ತವೆ. ಆ ಚಿಪ್ಪಿನ ಸುಣ್ಣದಲ್ಲಿ ಬಹುಪಾಲು ಸಮುದ್ರದ ನೀರಿನದೇ, ನದಿ ತಂದುಕೊಟ್ಟದ್ದು ಅಲ್ಪ. ಕಥೆಯನ್ನು ಅಂದಗೊಳಿಸಲು ಸುಳ್ಳು ಹೇಳಬಾರದಷ್ಟೆ. ನದಿ ತರುವ ದೊಡ್ಡ ಕಾಣಿಕೆ ಸುಣ್ಣವಲ್ಲ, ಸಿಹಿನೀರು.

ನಾವು ಮಧ್ಯಾಹ್ನ ಘಟ್ಟವಿಳಿದು ಅಳಿವೆಯವರೆಗೂ ಹೋದೆವು. ಯಾಣಕ್ಕೆ ಹೋಗುವ ಪ್ರತಿಯೊಬ್ಬರಿಗೂ ನನ್ನ ಸಲಹೆಯಿದು: ಬಂಡೆಯ ಮುಂದೆ ಫೋಟೋ ತೆಗೆಸಿಕೊಂಡು ಹಿಂದಿರುಗಬೇಡಿ, ನೀರಿನ ಹಿಂದೆ ಹೋಗಿರಿ. ಶಿರಸಿಯ ಆಸುಪಾಸಿನಲ್ಲಿ ಹುಟ್ಟಿ, ಉಂಚಳ್ಳಿಯಲ್ಲಿ 116 ಮೀಟರು ಧುಮುಕಿ, ಸುಮಾರು 120 ಕಿಲೋಮೀಟರು ಹರಿದರೂ ಎಲ್ಲಿಯೂ ಅಣೆಕಟ್ಟಿಗೆ ತಲೆಬಾಗದ ನದಿ ಅಘನಾಶಿನಿ. ಸಿಂಗಳೀಕಗಳ ಉತ್ತರದ ಕೊನೆಯ ನೆಲೆ ಈ ನದಿಯ ಮತ್ತು ಶರಾವತಿಯ ಕಣಿವೆಗಳ ಕಾಡು. 2011ರಲ್ಲಿ ಅಲ್ಲಿ ಸಿಂಗಳೀಕ ಸಂರಕ್ಷಿತ ಪ್ರದೇಶ ಘೋಷಣೆಯಾಯಿತು. 2019ರಲ್ಲಿ ಅದನ್ನು ಶರಾವತಿ ಕಣಿವೆಯ ಅಭಯಾರಣ್ಯದೊಂದಿಗೆ ಸೇರಿಸಲಾಯಿತು. ಕೆಳಗೆ ಅಳಿವೆಯಲ್ಲಿ ಬಳಚು ಆಯ್ದು ಬದುಕುವ ಸಾವಿರಾರು ಕುಟುಂಬಗಳಿವೆ. 2024ರ ಜನವರಿಯಲ್ಲಿ ಅಘನಾಶಿನಿ ಅಳಿವೆ ರಾಮ್ಸರ್ ಪಟ್ಟಿಗೆ ಸೇರಿತು.

ನನ್ನ ಕಣ್ಣು ಮಾತ್ರ ಗಜನಿ ಗದ್ದೆಗಳ ಮೇಲಿತ್ತು. ಮಾಣಿಕಟ್ಟದ ಸುತ್ತಲಿನ ರೈತರು ಬೆಳೆಯುವ ಕಗ್ಗ ಭತ್ತದ ಬಗೆಗೆ ಕೃಷಿ ವಿದ್ಯಾರ್ಥಿಗಳು ಪುಸ್ತಕದಲ್ಲಿ ಓದಿರುತ್ತಾರೆ. ಗದ್ದೆಯಲ್ಲಿ ನಿಂತು ನೋಡಬೇಕು. ಸಮುದ್ರದ ಉಬ್ಬರದ ನೀರು ನುಗ್ಗುವ ನೆಲವದು. ಬೇಸಿಗೆಯಲ್ಲಿ ಮಣ್ಣು ಉಪ್ಪು ಕಾರುತ್ತದೆ. ಮುಂಗಾರಿನ ಸಿಹಿನೀರು ಬಂದು ಆ ಉಪ್ಪನ್ನು ತೊಳೆದ ಮೇಲೆ ಮೊಳಕೆ ಬರಿಸಿದ ಬೀಜವನ್ನು ಎರಚುತ್ತಾರೆ. ಗೊಬ್ಬರವಿಲ್ಲ, ಔಷಧಿಯಿಲ್ಲ. ಆಳೆತ್ತರಕ್ಕೆ ಬೆಳೆಯುವ ಪೈರು ನೆರೆಯಲ್ಲಿ ಕೆಲವು ದಿನ ಮುಳುಗಿದರೂ ತಾಳಿಕೊಳ್ಳುತ್ತದೆ, ಉಪ್ಪನ್ನೂ ತಾಳಿಕೊಳ್ಳುತ್ತದೆ. ಕೊಯ್ಲಿನ ಅನಂತರ ಅದೇ ಗದ್ದೆಗೆ ಉಬ್ಬರದ ನೀರು ಬಿಟ್ಟು ಸಿಗಡಿ, ಮೀನು ಹಿಡಿಯುತ್ತಾರೆ. ಸಾಗರದ ಮಟ್ಟ ಏರುತ್ತಿರುವ ಈ ಶತಮಾನದಲ್ಲಿ ಉಪ್ಪು ನೀರಿಗೆ ಬಗ್ಗದ ತಳಿಗಾಗಿ ದೇಶದೇಶಗಳ ಸಂಶೋಧನಾಲಯಗಳು ಹುಡುಕಾಡುತ್ತಿವೆ. ಇಲ್ಲಿ ಅದು ಅಜ್ಜಂದಿರ ಕಾಲದಿಂದ ಮಡಕೆಯಲ್ಲಿ ಕುಳಿತಿದೆ. ಆದರೆ ಕಗ್ಗಕ್ಕೆ ಒಂದು ಕರಾರಿದೆ. ಮಳೆಗಾಲದಲ್ಲಿ ನದಿ ತುಂಬಿ ಬರಬೇಕು, ಬಂದು ಉಪ್ಪನ್ನು ಹಿಮ್ಮೆಟ್ಟಿಸಬೇಕು. ‘ನದಿಯ ನೀರು ವ್ಯರ್ಥವಾಗಿ ಸಮುದ್ರ ಸೇರುತ್ತಿದೆ’ ಎಂಬ ಮಾತನ್ನು ಹೇಳುವ ಯಾರನ್ನಾದರೂ ಜೂನ್ ತಿಂಗಳಲ್ಲಿ ಮಾಣಿಕಟ್ಟದ ಬದುವಿನ ಮೇಲೆ ಒಂದು ಗಳಿಗೆ ನಿಲ್ಲಿಸಬೇಕೆಂದು ನನಗೆ ಬಹಳ ಸಲ ಅನಿಸಿದೆ.

ಏಕೆಂದರೆ ಈಗ ಆ ಮಾತು ಮತ್ತೆ ಜೋರಾಗಿದೆ. ಬೇಡ್ತಿಯನ್ನು ವರದೆಗೆ, ಅಘನಾಶಿನಿಯನ್ನು ವೇದಾವತಿಗೆ ಜೋಡಿಸುವ ಪ್ರಸ್ತಾಪಗಳು ಬಂದಿವೆ. 2025ರಲ್ಲಿ ಶಿರಸಿ, ಯಲ್ಲಾಪುರ, ಕುಮಟಾ ಕಡೆಗಳಲ್ಲಿ ಇದರ ವಿರುದ್ಧ ಸಭೆಗಳು ನಡೆದವು. ಆ ಸೀಮೆಗೆ ಹೋರಾಟ ಹೊಸದಲ್ಲ. ಎಂಬತ್ತರ ದಶಕದ ಆರಂಭದಲ್ಲಿ ಬೇಡ್ತಿ ಜಲವಿದ್ಯುತ್ ಯೋಜನೆಯನ್ನು ಅಡಿಕೆ ಬೆಳೆಗಾರರೇ ಲೆಕ್ಕ ಹಾಕಿ, ವಾದ ಮಂಡಿಸಿ ತಡೆದರು. 1983ರ ಸೆಪ್ಟೆಂಬರಿನಲ್ಲಿ ಸಲ್ಕಣಿಯಲ್ಲಿ ಮರಗಳನ್ನು ಅಪ್ಪಿಕೊಂಡರು. ತದಡಿಗೆ ಬರಲಿದ್ದ 4000 ಮೆಗಾವಾಟ್ ಉಷ್ಣ ವಿದ್ಯುತ್ ಸ್ಥಾವರವನ್ನೂ ಹಿಮ್ಮೆಟ್ಟಿಸಿದರು.

ಸಂಜೆ ಶಿರಸಿ ಹಾದಿಯಲ್ಲಿ ನಮಗೆ ಚಹಾ ಕೊಟ್ಟ ತೋಟಿಗರೊಬ್ಬರು ನಗುತ್ತಲೇ ಕೇಳಿದರು: ‘ನೀವು ಆ ಕಡೆಯವರು. ನಮ್ಮ ಹೊಳೆ ನೋಡಲಿಕ್ಕೆ ಬಂದವರೋ, ಅಳೆಯಲಿಕ್ಕೆ ಬಂದವರೋ?’ ನಮ್ಮವರೂ ನಕ್ಕರು. ಬಸ್ಸು ಹೊರಟು ಹತ್ತು ನಿಮಿಷದ ಮೇಲೆ ಆ ವಿದ್ಯಾರ್ಥಿನಿ ಎದ್ದುಬಂದು ಪಕ್ಕದಲ್ಲಿ ಕುಳಿತಳು. ‘ಸರ್, ನಮ್ಮ ಕೆರೆಗೆ ಬರುವುದು ಭದ್ರಾ ಹೊಳೆಯ ನೀರು. ಪೈಪಿನಲ್ಲಿ ಎತ್ತಿ ತಂದದ್ದು. ಅದು ಬರಲಿ ಎಂದು ನಮ್ಮಪ್ಪ ಧರಣಿ ಕೂತಿದ್ದರು. ನಾವು ಎತ್ತಿದರೆ ನೀರಾವರಿ, ಹಿರಿಯೂರಿನವರು ಎತ್ತಿದರೆ ಪರಿಸರನಾಶ, ಇದು ಹೇಗೆ ಸರ್?’

ಇದೇ ಆ ಪ್ರಶ್ನೆ. ಅವಳು ಹೇಳಿದ್ದರಲ್ಲಿ ಸುಳ್ಳಿಲ್ಲ. ಉಬ್ರಾಣಿ–ಅಮೃತಾಪುರ ಏತ ನೀರಾವರಿ ಯೋಜನೆ ಭದ್ರೆಯ ನೀರನ್ನೆತ್ತಿ ಚನ್ನಗಿರಿ, ತರೀಕೆರೆ ಸೀಮೆಯ ಕೆರೆಗಳಿಗೆ ಹಾಯಿಸುತ್ತದೆ. ಅದರ ಫಲಾನುಭವಿಗಳಲ್ಲಿ ನಾನೂ ಒಬ್ಬ. ಬೋರ್‌ವೆಲ್ ಬತ್ತಿದ ವರ್ಷ ಟ್ಯಾಂಕರಿನಲ್ಲಿ ನೀರು ತರಿಸಿ ಅಡಿಕೆ ಗಿಡಗಳಿಗೆ ಹನಿಸಿದ ಊರು ನಮ್ಮದು. ಆ ಸಂಕಟ ಕಂಡವರು ಜಗಳೂರಿನವರಿಗೋ ಹಿರಿಯೂರಿನವರಿಗೋ ‘ನಿಮಗೆ ನೀರು ಬೇಡ’ ಎಂದು ಹೇಳಲು ಬಾಯಿ ಬರುವುದಿಲ್ಲ. ಹೇಳಲೂಬಾರದು. ಮಲೆನಾಡಿನ ಪರಿಸರ ಸಭೆಗಳಲ್ಲಿ ಬಯಲುಸೀಮೆಯ ಬಾಯಾರಿಕೆಯನ್ನು ರಾಜಕಾರಣಿಗಳ ಕಟ್ಟುಕಥೆ ಎಂಬಂತೆ ಮಾತನಾಡುವವರನ್ನು ನಾನು ಕಂಡಿದ್ದೇನೆ. ಅದು ತಪ್ಪು ಮಾತ್ರವಲ್ಲ, ಅಪಾಯಕರ ಕೂಡ. ಹಾಗೆ ಮಾತನಾಡಿದರೆ ಆ ಕಡೆಯವರು ನಮ್ಮ ಕಾಡಿನ ಮಾತನ್ನೂ ಕಟ್ಟುಕಥೆಯೆಂದೇ ತಳ್ಳಿಹಾಕುತ್ತಾರೆ.

ಹಾಗಾದರೆ ವ್ಯತ್ಯಾಸವೆಲ್ಲಿದೆ? ಒಂದು ವ್ಯತ್ಯಾಸ ಭೂಗೋಳದ್ದು. ಭದ್ರೆ ಪೂರ್ವಕ್ಕೆ ಹರಿಯುವ ನದಿ. ಚನ್ನಗಿರಿಯ ಕೆರೆಗೆ ಎತ್ತಿದ ನೀರಿನಲ್ಲಿ ಇಂಗಿದ್ದು, ಕೋಡಿ ಬಿದ್ದದ್ದು ಅದೇ ತುಂಗಭದ್ರೆಯ ಕಣಿವೆಯೊಳಗೆ ಸುತ್ತುತ್ತದೆ. ಅಘನಾಶಿನಿಯನ್ನು ತಿರುಗಿಸುವುದೆಂದರೆ ಪಶ್ಚಿಮದ ಕಡಲಿಗೆ ಸೇರಬೇಕಾದದ್ದನ್ನು ಘಟ್ಟದ ನೆತ್ತಿ ದಾಟಿಸಿ ಪೂರ್ವಕ್ಕೆ ಸಾಗಿಸುವುದು. ಹೋದ ಹನಿ ಗಜನಿಗೆ ಹಿಂದಿರುಗುವುದಿಲ್ಲ. ಅದಕ್ಕಾಗಿ ಕಾಡಿನೊಳಗೆ ಬರುವ ಒಡ್ಡು, ರಸ್ತೆ, ಕೊಳವೆ, ವಿದ್ಯುತ್ ಮಾರ್ಗಗಳ ಲೆಕ್ಕ ಬೇರೆ. ಆದರೂ ಇದಿಷ್ಟೇ ನನ್ನ ಉತ್ತರವಾದರೆ ಅದು ವಕೀಲಿಕೆಯಾದೀತು. ಭದ್ರೆಗೂ ಅವಳದೇ ಮೀನು, ಮರಳು, ಕೆಳದಂಡೆಯ ಜನ ಇದ್ದಾರೆ. ನಮ್ಮ ಏತ ನೀರಾವರಿ ಪಾಪವಿಲ್ಲದ ಕೆಲಸವೇನಲ್ಲ.

ಎರಡನೆಯದು ವೇದಾವತಿಯ ಸ್ಥಿತಿ. ಆ ನದಿಗೆ 1907ರಲ್ಲಿ ಮುಗಿದ ಮಾರಿಕಣಿವೆಯ ವಾಣಿವಿಲಾಸ ಸಾಗರವಿದೆ, ಅದರ ಸಾಮರ್ಥ್ಯ ಸುಮಾರು 30 ಟಿ.ಎಂ.ಸಿ. 1933ರ ಅನಂತರ ಒಮ್ಮೆಯೂ ಕೋಡಿ ಬೀಳದ ಆ ಜಲಾಶಯ 2022ರ ಸೆಪ್ಟೆಂಬರಿನಲ್ಲಿ ತುಂಬಿತು. 2025ರ ಜನವರಿಯಲ್ಲಿ ಮತ್ತೆ ತುಂಬಿತು. ಒಳ್ಳೆಯ ಮಳೆ ಬಂತು. ಜೊತೆಗೆ ಭದ್ರಾ ಮೇಲ್ದಂಡೆಯ ನೀರೂ ಅಜ್ಜಂಪುರದ ಕಡೆಯಿಂದ ಹರಿದು ಬಂತು. ಆ ಯೋಜನೆಗೆ 2023ರ ಕೇಂದ್ರ ಮುಂಗಡಪತ್ರದಲ್ಲಿ 5300 ಕೋಟಿ ರೂಪಾಯಿ ಘೋಷಣೆಯಾಗಿತ್ತು. ಮೊದಲು ಕೈಹಿಡಿದ ಕೆಲಸವನ್ನು ಮುಗಿಸಿ, ಆ ನೀರು ಎಷ್ಟು ಹೊಲಕ್ಕೆ ತಲುಪಿತು, ಎಷ್ಟು ಕೆರೆ ತುಂಬಿತು ಎಂದು ಎಣಿಸಿ ನೋಡುವ ಮುನ್ನವೇ ಇನ್ನೊಂದು ನದಿಗೆ ಕೈ ಹಾಕುವುದು ಯಾವ ಊರಿನ ಒಕ್ಕಲುತನ?

ಮೂರನೆಯ ಮಾತು ಕಹಿಯಾದದ್ದು, ನಮ್ಮದೇ ತೋಟದ್ದು. ಅಡಿಕೆಗೆ ಹನಿ ನೀರಾವರಿಯಲ್ಲಿ ಬೇಸಿಗೆಯಲ್ಲಿ ದಿನಕ್ಕೆ ಮರವೊಂದಕ್ಕೆ ಹದಿನಾರರಿಂದ ಇಪ್ಪತ್ತು ಲೀಟರು ಸಾಕು. ಒಂಬತ್ತು ಅಡಿ ಅಂತರದಲ್ಲಿ ಎಕರೆಗೆ ಸುಮಾರು 550 ಮರ. ಹೆಚ್ಚೆಂದರೆ ದಿನಕ್ಕೆ 11,000 ಲೀಟರು; ಜನವರಿಯಿಂದ ಮೇ ಕೊನೆಯವರೆಗೆ 150 ದಿನಕ್ಕೆ ಹದಿನಾರೂವರೆ ಲಕ್ಷ ಲೀಟರು. ಒಂದು ಟಿ.ಎಂ.ಸಿ. ನೀರು ಈ ಲೆಕ್ಕದಲ್ಲಿ ಹದಿನೇಳು ಸಾವಿರ ಎಕರೆ ತೋಟವನ್ನು ಒಂದು ಬೇಸಿಗೆ ದಾಟಿಸುತ್ತದೆ. ಇದು ಅಳತೆಯಿಟ್ಟು ಹನಿಸಿದರೆ. ಗೇಟ್‌ವಾಲ್ ತಿರುಗಿಸಿ ಕಾಲುವೆಗೆ ಬಿಟ್ಟು ಮನೆಗೆ ಹೋಗಿ ಮಲಗುವವರ ತೋಟದಲ್ಲಿ ಈ ಲೆಕ್ಕ ನಡೆಯುವುದಿಲ್ಲ. ಇನ್ನು 600 ಮಿ.ಮೀ. ಆಸುಪಾಸಿನ ಮಳೆಯ ಸೀಮೆಯಲ್ಲಿ, ರಾಗಿ–ಜೋಳ–ಅವರೆ ಬೆಳೆಯುತ್ತಿದ್ದ ಹೊಲದಲ್ಲಿ, ಬರಿಯ ಬೋರ್‌ವೆಲ್ಲನ್ನು ನಂಬಿ ಹೊಸ ಅಡಿಕೆ ಹಾಕುವವರಿಗೆ ಯಾವ ನದಿ ತಂದರೂ ಸಾಲದು. ನೀರು ಬಂದಷ್ಟೂ ತೋಟ ಹಬ್ಬುತ್ತದೆ, ತೋಟ ಹಬ್ಬಿದಷ್ಟೂ ನೀರಿಗೆ ಕೂಗು. ಭದ್ರೆ ಬಂದ ಮೇಲೆ ನಮ್ಮ ಹೋಬಳಿಯಲ್ಲಿ ನಡೆದದ್ದೂ ಇದೇ ಅಲ್ಲವೆ? ಕೆರೆ ತುಂಬಿತು, ಅಂತರ್ಜಲ ಮೇಲೆ ಬಂತು, ಮರುವರ್ಷವೇ ಗುಡ್ಡದ ಬುಡದವರೆಗೂ ಸಸಿಗಳು ಬಂದವು. ಆ ಗುಡ್ಡದ ಬುಡಕ್ಕೆ ಭದ್ರಾ ಕಾಡಿನ ಆನೆಗಳೂ ಬರುತ್ತವೆ. ಆಮೇಲೆ ನಾವು ಅರಣ್ಯ ಇಲಾಖೆಯನ್ನು ಬಯ್ಯುತ್ತೇವೆ.

ಕೃಷಿವಿಜ್ಞಾನಿಗಳೂ ಇದಕ್ಕೆ ಹೊಣೆ. ಬೆಳೆಯ ಇಳುವರಿಯನ್ನು ಎಕರೆಗೆ ಇಷ್ಟು ಕ್ವಿಂಟಾಲ್ ಎಂದು ಹೇಳಿಕೊಡುತ್ತ ಬಂದೆವು. ಸಾವಿರ ಲೀಟರು ನೀರಿಗೆ ಎಷ್ಟು ಎಂದು ಹೇಳಿಕೊಡಲಿಲ್ಲ. ನಾನೂ ಹೇಳಿಕೊಟ್ಟಿಲ್ಲ.

ಆದ್ದರಿಂದ ನನ್ನ ನಿಲುವು ಹೀಗಿದೆ. ಅಘನಾಶಿನಿಯನ್ನು ತಿರುಗಿಸುವುದು ಬೇಡವೆಂದು ಹೇಳಬೇಕಾದವರು ಶಿರಸಿ–ಕುಮಟಾದವರು ಮಾತ್ರವಲ್ಲ. ಘಟ್ಟದ ಈಚೆ, ಒಣ ಮಗ್ಗುಲಿನಲ್ಲಿರುವ ನಾವು ಮೊದಲು ಹೇಳಬೇಕು. ಫಲ ಪಡೆಯುವ ಸಾಲಿನಲ್ಲಿ ಇಂದಲ್ಲ ನಾಳೆ ನಿಲ್ಲಬಹುದಾದವರ ಬಾಯಿಂದ ಬಂದರೆ ಆ ಮಾತಿಗೆ ತೂಕ ಹೆಚ್ಚು. ಆದರೆ ಹೇಳುವ ಹಕ್ಕನ್ನು ಗಳಿಸಿಕೊಳ್ಳಬೇಕು. ಸೂಳೆಕೆರೆಯಂಥ ಕೆರೆಯನ್ನು ಶತಮಾನಗಳ ಹಿಂದೆ ಕಟ್ಟಿದ ಸೀಮೆ ನಮ್ಮದು. ಅದರ ಹೂಳು, ಒತ್ತುವರಿಗಳ ಬಗೆಗೆ ಗಟ್ಟಿಯಾಗಿ ಮಾತನಾಡದೆ ಇನ್ನೊಬ್ಬರ ಹೊಳೆಯ ಬಗೆಗೆ ಕಣ್ಣೀರು ಹಾಕಿದರೆ ಯಾರು ನಂಬುತ್ತಾರೆ? ಏತ ನೀರಾವರಿಯ ನೀರು ಬರುವ ಪ್ರತಿ ಊರಿನಲ್ಲಿ ಗ್ರಾಮಸಭೆ ಕೂತು, ಕೆರೆಯ ನೀರಿಗೆ ಎಷ್ಟು ಎಕರೆ ತೋಟ ತಡೆಯುತ್ತದೆ ಎಂದು ಲೆಕ್ಕ ಬರೆದು, ಅದಕ್ಕಿಂತ ಹೆಚ್ಚು ಹಾಕುವುದಿಲ್ಲವೆಂದು ತೀರ್ಮಾನಿಸಬೇಕು. ಕಷ್ಟವೆಂದು ಗೊತ್ತು. ಅಡಿಕೆಗೆ ಬೆಲೆ ಬಂದ ವರ್ಷ ಇಂಥ ಮಾತು ಕೇಳುವ ಕಿವಿ ಸಿಗುವುದಿಲ್ಲವೆಂದೂ ಗೊತ್ತು.

ಯಾಣದ ಬಗೆಗೆ ಇನ್ನೆರಡು ಮಾತು. ಸಾಗರ ತಾಲ್ಲೂಕಿನ ಅಂಬಾರಗುಡ್ಡವೂ ಕಡೂರಿನ ಕಡೆಯ ಹೊಗರೆಕಾನೂ ರಾಜ್ಯದ ಜೀವವೈವಿಧ್ಯ ಪಾರಂಪರಿಕ ತಾಣಗಳಾಗಿವೆ. ಭೂವೈಜ್ಞಾನಿಕ ಸ್ಮಾರಕಗಳೆಂದು ಗುರುತಿಸಿದವುಗಳಲ್ಲಿ ನಮ್ಮ ನೆರೆಯ ಚಿತ್ರದುರ್ಗದ ಮರಡಿಹಳ್ಳಿಯ ದಿಂಬುಲಾವಾ ಇದೆ, ಲಾಲ್‌ಬಾಗಿನ ಬಂಡೆಯಿದೆ. ಕಲ್ಲು, ಕಾಡು, ನೀರು, ದೇವರು ನಾಲ್ಕೂ ಒಂದೆಡೆ ಕೂಡಿರುವ ಯಾಣಕ್ಕೂ ಅಂಥ ರಕ್ಷಣೆ ಬೇಕು; ಬಂಡೆಗಷ್ಟೇ ಅಲ್ಲ, ಚಂಡಿಹೊಳೆಯ ಇಡೀ ಜಲಾನಯನಕ್ಕೆ. ಹೋಗುವವರು ಗದ್ದಲ ಮಾಡಬಾರದು ಎಂಬುದು ಬರಿಯ ಶಿಷ್ಟಾಚಾರದ ಮಾತಲ್ಲ. ಬಂಡೆಯ ಮೈಗೆ ಹೆಜ್ಜೇನಿನ ತಟ್ಟಿಗಳು ಸಾಲಾಗಿ ಜೋತಿರುತ್ತವೆ. ನಾವು ಹೋದ ದಿನ ಯುವಕರ ಗುಂಪೊಂದು ಸ್ಪೀಕರಿನಲ್ಲಿ ಹಾಡು ಹಾಕಿಕೊಂಡು ಗುಹೆಯ ಸೀಳಿನಲ್ಲಿ ಕೂಗುತ್ತಿತ್ತು. ನಮ್ಮ ಯಜಮಾನರು ಹತ್ತಿರ ಹೋಗಿ, ‘ಅಪ್ಪಾ, ಮೇಲೆ ನೋಡ್ರಪ್ಪ’ ಎಂದು ತೋರಿಸಿದರು. ಹಾಡು ತಕ್ಷಣ ನಿಂತಿತು. ಅಲ್ಲಿದ್ದ ಯಾವ ಫಲಕಕ್ಕೂ ಅಷ್ಟು ಶಕ್ತಿಯಿರಲಿಲ್ಲ.

ಆ ವಿದ್ಯಾರ್ಥಿನಿಗೆ ಬಸ್ಸಿನಲ್ಲಿ ನಾನು ಹೇಳಿದ್ದು ಒಂದೇ: ‘ಮೊದಲು ನಿಮ್ಮ ತೋಟದ ನೀರು ಅಳೆದುಕೊಂಡು ಬಾ, ಆಮೇಲೆ ಮಾತಾಡೋಣ.’ ಪ್ರಶ್ನೆಯಿಂದ ತಪ್ಪಿಸಿಕೊಳ್ಳಲು ಮೇಷ್ಟ್ರುಗಳು ಹೂಡುವ ಹಳೆಯ ಉಪಾಯವದು. ಆದರೆ ಅವಳು ನಿಜಕ್ಕೂ ಅಳೆದಳು. ಇನ್ನೂರು ಲೀಟರಿನ ಡ್ರಮ್ಮು ಮತ್ತು ಮೊಬೈಲಿನ ಗಡಿಯಾರ ಇಟ್ಟುಕೊಂಡು ಪಂಪಿನ ನೀರು, ಕರೆಂಟು ಇದ್ದ ಗಂಟೆಗಳು ಎಲ್ಲವನ್ನೂ ಹದಿನೈದು ದಿನ ಬರೆದು, ಕಳೆದ ವಾರ ನನಗೆ ನೋಟ್‌ಬುಕ್ ತಂದುಕೊಟ್ಟಳು. ಮರಕ್ಕೆ ದಿನಕ್ಕೆ ಸರಾಸರಿ 46 ಲೀಟರು. ಅವರಪ್ಪ ಲೆಕ್ಕ ತಪ್ಪಿದೆ ಎನ್ನುತ್ತಿದ್ದಾರಂತೆ. ಬರುವ ಭಾನುವಾರ ಡ್ರಮ್ಮು ಹಿಡಿದು ನಾನೇ ಅವರ ತೋಟಕ್ಕೆ ಹೋಗಬೇಕಾಗಿದೆ, ಅನಂತರ ನನ್ನದಕ್ಕೂ.